ಎರಡೂವರೆ ಎಕರೆಯ ಸಂಸಾರ: ಬಿಸಿಲು, ನೀರು ಮತ್ತು ನೈಟ್ರೋಜನ್ನಿನ ಲೆಕ್ಕ

ನಗರದ ಉದ್ಯೋಗವನ್ನು ಬಿಟ್ಟು ಹಳ್ಳಿಗೆ ಮರಳಿ, ತಾವು ಉಣ್ಣುವುದನ್ನು ತಾವೇ ಬೆಳೆದುಕೊಂಡು ಬದುಕಬೇಕೆಂದು ಹೊರಡುವ ಯುವ ದಂಪತಿಗಳು ಈಗ ಅಪರೂಪವೇನಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿಗೆ ಬಂದವರಲ್ಲಿ ಕೆಲವರು ಅಲ್ಲಿಯೇ ನೆಲೆನಿಂತದ್ದೂ ಉಂಟು. ಇಂಥವರ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ನಂಬಿದವರನ್ನು ಭೂಮಿತಾಯಿ ಕೈಬಿಡುವುದಿಲ್ಲ ಎನ್ನುವುದು ಒಂದು. ಎರಡು ಎಕರೆ ಬೆದ್ದಲು ಹೊಲದಿಂದ ಯಾರ ಹೊಟ್ಟೆ ತುಂಬೀತು ಎನ್ನುವುದು ಇನ್ನೊಂದು. ಎರಡೂ ಅಳತೆ ಮಾಡದೆ ಆಡಿದ ಮಾತುಗಳು.

ಒಂದು ಚಿಕ್ಕ ಕುಟುಂಬಕ್ಕೆ ಎಷ್ಟು ಆಹಾರ ಬೇಕು? ಅದನ್ನು ಬೆಳೆಯಲು ಎಷ್ಟು ಬಿಸಿಲು, ಎಷ್ಟು ನೀರು, ಎಷ್ಟು ಗೊಬ್ಬರ, ಎಷ್ಟು ದುಡಿಮೆ ಬೇಕು? ಇವುಗಳಲ್ಲಿ ಯಾವುದು ಮೊದಲು ಮುಗಿದುಹೋಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರೌಢಶಾಲೆಯ ಗಣಿತ ಮತ್ತು ಭೌತವಿಜ್ಞಾನ ಸಾಕು. ಶಕ್ತಿಯ ನಿತ್ಯತೆ ಮತ್ತು ದ್ರವ್ಯದ ನಿತ್ಯತೆ ಎಂಬ ಎರಡು ನಿಯಮಗಳು ಹೊಲದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡೋಣ.

ನಮ್ಮ ಲೆಕ್ಕದ ಕುಟುಂಬ

ಲೆಕ್ಕಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮೂವತ್ತೆರಡು ವರ್ಷದ ಗಂಡ, ಇಪ್ಪತ್ತೆಂಟು ವರ್ಷದ ಹೆಂಡತಿ, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ತುಮಕೂರು ಸೀಮೆಯ ಕೆಂಪು ಮಣ್ಣಿನಲ್ಲಿ ಎರಡೂವರೆ ಎಕರೆ, ಅಂದರೆ ಸುಮಾರು ಒಂದು ಹೆಕ್ಟೇರ್ ಜಮೀನು. ಕೊಳವೆಬಾವಿ ಇಲ್ಲ; ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯೇ ಆಧಾರ. ಕೊಟ್ಟಿಗೆಯಲ್ಲಿ ಎರಡು ದನಗಳಿವೆ.

ಜಮೀನಿನ ಹಂಚಿಕೆ ಹೀಗಿರಲಿ: ಒಂದೂವರೆ ಎಕರೆ ರಾಗಿ, ಅದರ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲುಗಳು; ಇಪ್ಪತ್ತು ಗುಂಟೆ ಕಡಲೆಕಾಯಿ; ಹತ್ತು ಗುಂಟೆ ತರಕಾರಿ, ಸೊಪ್ಪು, ಹಣ್ಣು; ಉಳಿದ ಹತ್ತು ಗುಂಟೆಯಲ್ಲಿ ಮನೆ, ಕೊಟ್ಟಿಗೆ, ತಿಪ್ಪೆ, ಕೃಷಿ ಹೊಂಡ. ಬದುಗಳ ಮೇಲೆ ಹೊಂಗೆ ಮತ್ತಿತರ ಮರಗಳು.

ಮೈಬಗ್ಗಿಸಿ ದುಡಿಯುವ ಗಂಡಸಿಗೆ ದಿನಕ್ಕೆ ಸುಮಾರು 3000 ಕಿಲೋಕ್ಯಾಲೊರಿ, ಹೆಂಗಸಿಗೆ 2400, ಮಕ್ಕಳಿಗೆ 1700 ಮತ್ತು 1400 ಎಂದಿಟ್ಟುಕೊಂಡರೆ ಮನೆಗೆ ದಿನಕ್ಕೆ 8500 ಕಿಲೋಕ್ಯಾಲೊರಿ ಬೇಕು. ಒಂದು ಕಿಲೋಕ್ಯಾಲೊರಿ 4.18 ಕಿಲೋಜೂಲ್‌ಗೆ ಸಮ. ಆದ್ದರಿಂದ ಇದು ದಿನಕ್ಕೆ ಸುಮಾರು 35.6 ಮೆಗಾಜೂಲ್. ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ 412 ವ್ಯಾಟ್ ಬರುತ್ತದೆ. ಅಂದರೆ ನಾಲ್ಕು ಜನರ ಈ ಸಂಸಾರ, ಹಳೆಯ ಕಾಲದ ನಾಲ್ಕು 100 ವ್ಯಾಟ್ ಬಲ್ಬುಗಳು ಹಗಲೂ ರಾತ್ರಿ ಉರಿದಂತೆ ಶಕ್ತಿಯನ್ನು ಬಳಸುತ್ತದೆ. ಇಡೀ ವರ್ಷಕ್ಕೆ ಬೇಕಾಗುವುದು 31 ಲಕ್ಷ ಕಿಲೋಕ್ಯಾಲೊರಿ ಅಥವಾ 13 ಗಿಗಾಜೂಲ್.

ಬಿಸಿಲಿಗೆ ಕೊರತೆಯಿಲ್ಲ

ದಕ್ಷಿಣ ಒಳನಾಡಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಸುಮಾರು 5 ಕಿಲೋವ್ಯಾಟ್-ಗಂಟೆ, ಅಂದರೆ 18 ಮೆಗಾಜೂಲ್ ಸೌರಶಕ್ತಿ ಬೀಳುತ್ತದೆ. ಒಂದು ಎಕರೆಗೆ 4047 ಚದರ ಮೀಟರ್. ಗುಣಿಸಿದರೆ ದಿನಕ್ಕೆ 73 ಗಿಗಾಜೂಲ್. ನಮ್ಮ ಕುಟುಂಬಕ್ಕೆ ವರ್ಷಕ್ಕೆ ಬೇಕಾದದ್ದು 13 ಗಿಗಾಜೂಲ್ ಮಾತ್ರ. ಒಂದು ಎಕರೆಯ ಮೇಲೆ ಒಂದೇ ದಿನ ಬೀಳುವ ಬಿಸಿಲಿನಲ್ಲಿ ಆ ಸಂಸಾರದ ಐದು ವರ್ಷಗಳ ಊಟಕ್ಕೆ ಸಾಲುವಷ್ಟು ಶಕ್ತಿಯಿದೆ!

ಹಾಗಿದ್ದರೆ ಹಸಿವು ಏಕೆ? ಬಿಸಿಲನ್ನು ನಾವು ಉಣ್ಣಲಾಗದು; ಎಲೆಯ ಮೂಲಕವೇ ಅದು ನಮ್ಮ ತಟ್ಟೆಗೆ ಬರಬೇಕು. ದಾರಿಯಲ್ಲಿ ಆಗುವ ನಷ್ಟ ಅಪಾರ. ಸೂರ್ಯನ ಶಕ್ತಿಯಲ್ಲಿ ದ್ಯುತಿಸಂಶ್ಲೇಷಣೆಗೆ ಒದಗುವ ತರಂಗದೂರಗಳ ಪಾಲು ಅರ್ಧಕ್ಕಿಂತ ಕಡಿಮೆ. ಅದರಲ್ಲಿಯೂ ಒಂದಷ್ಟು ಪ್ರತಿಫಲನಗೊಳ್ಳುತ್ತದೆ, ಒಂದಷ್ಟು ಶಾಖವಾಗುತ್ತದೆ, ಸಸ್ಯದ ಉಸಿರಾಟಕ್ಕೆ ಮತ್ತಷ್ಟು ಖರ್ಚಾಗುತ್ತದೆ. ಬತ್ತ, ಗೋಧಿಗಳಂಥ ಸಿ-3 ಸಸ್ಯಗಳಲ್ಲಿ ಸೈದ್ಧಾಂತಿಕ ಮಿತಿಯೇ ಶೇಕಡಾ 4.6. ರಾಗಿ, ಜೋಳ, ಕಬ್ಬುಗಳಂಥ ಸಿ-4 ಸಸ್ಯಗಳಲ್ಲಿ ಅದು ಶೇಕಡಾ 6.

ನಿಜವಾದ ಹೊಲದಲ್ಲಿ ಇಷ್ಟೂ ಸಿಗುವುದಿಲ್ಲ. ಮಳೆಯಾಶ್ರಿತ ಎಕರೆಗೆ 700 ಕಿಲೋಗ್ರಾಂ ರಾಗಿ ಬಂತೆನ್ನೋಣ. ಇದು ಸಾಧಾರಣ ಒಳ್ಳೆಯ ಬೆಳೆ. 100 ಗ್ರಾಂ ರಾಗಿಗೆ 320 ಕಿಲೋಕ್ಯಾಲೊರಿಯಂತೆ ಅದರಲ್ಲಿರುವ ಶಕ್ತಿ 9.4 ಗಿಗಾಜೂಲ್. ಬೆಳೆ ನಿಂತಿದ್ದ 115 ದಿನಗಳಲ್ಲಿ ಆ ಎಕರೆಯ ಮೇಲೆ ಬಿದ್ದ ಬಿಸಿಲು ಸುಮಾರು 8400 ಗಿಗಾಜೂಲ್. ಕಾಳಿನಲ್ಲಿ ಕೂಡಿಟ್ಟದ್ದು ಸಾವಿರದಲ್ಲಿ ಒಂದು ಪಾಲು! ಮೊದಲ ತಿಂಗಳು ಪೈರು ಚಿಕ್ಕದಾಗಿದ್ದು ಬಿಸಿಲೆಲ್ಲ ಬರಿಯ ಮಣ್ಣಿನ ಮೇಲೆ ಬೀಳುತ್ತದೆ. ಮುಂದೆ ಬೆಳೆದುದರಲ್ಲಿಯೂ ಹೆಚ್ಚಿನ ಪಾಲು ಹುಲ್ಲು ಮತ್ತು ಬೇರು.

ಆದರೂ ಹೋಲಿಕೆ ಆಶಾದಾಯಕವಾಗಿಯೇ ಇದೆ. ಒಂದೂವರೆ ಎಕರೆಯಿಂದ ಸುಮಾರು 1000 ಕಿಲೋಗ್ರಾಂ ರಾಗಿ ಬಂದರೆ ಅದು 32 ಲಕ್ಷ ಕಿಲೋಕ್ಯಾಲೊರಿ. ಕುಟುಂಬದ ವರ್ಷದ ಅಗತ್ಯಕ್ಕಿಂತ ತುಸು ಹೆಚ್ಚು. ಬರಿಯ ರಾಗಿಯನ್ನೇ ಯಾರೂ ತಿನ್ನುವುದಿಲ್ಲ, ತಿನ್ನಲೂ ಬಾರದು. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಅದರ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ. ಬೆಳೆಯುವ ಮಕ್ಕಳಿಗೆ ಇದು ಮುಖ್ಯ. ಅವರೆ, ತೊಗರಿಗಳಲ್ಲಿ ಲೈಸೀನ್ ಧಾರಾಳವಾಗಿದೆ. ಮುದ್ದೆಯ ಜೊತೆಗೆ ಹುಳಿ ಅಥವಾ ಕಾಳಿನ ಸಾರು ಬರಿಯ ರುಚಿಯ ಮಾತಲ್ಲ.

ಶಕ್ತಿಯಲ್ಲಿ ಶೇಕಡಾ 60 ರಾಗಿಯಿಂದ ಬರಲಿ. ಅದಕ್ಕೆ 580 ಕಿಲೋಗ್ರಾಂ ಸಾಕು. ಅರ್ಧ ಎಕರೆಯಲ್ಲಿ 200 ಕಿಲೋಗ್ರಾಂ ಕಡಲೆಕಾಯಿ ಬಂದರೆ ಸುಲಿದ ಬೀಜ 140 ಕಿಲೋಗ್ರಾಂ. ಅದರಲ್ಲಿ ಸುಮಾರು 8 ಲಕ್ಷ ಕಿಲೋಕ್ಯಾಲೊರಿ, ಅಂದರೆ ವರ್ಷದ ಅಗತ್ಯದ ಕಾಲುಭಾಗ. ಉಳಿದುದನ್ನು ಬೇಳೆಕಾಳು, ಹಾಲು, ತರಕಾರಿ, ಹಣ್ಣುಗಳು ತುಂಬಿಕೊಡಬಲ್ಲವು. ಹೀಗೆ ಒಳ್ಳೆಯ ವರ್ಷದಲ್ಲಿ ಎರಡೂವರೆ ಎಕರೆ ನಾಲ್ಕು ಜನರ ಹೊಟ್ಟೆ ತುಂಬಿಸಿ ಸ್ವಲ್ಪ ಮಿಗಿಸಬಲ್ಲದು. ಹೊಟ್ಟೆ ತುಂಬೀತೆ ಎಂಬ ಅನುಮಾನಕ್ಕೆ ಇದು ಉತ್ತರ. ಆದರೆ "ಒಳ್ಳೆಯ ವರ್ಷ" ಎನ್ನುವ ಆ ಎರಡು ಪದಗಳಲ್ಲಿ ಬಹಳಷ್ಟು ಅಡಗಿದೆ.

ಅತಿ ಗಿಡ್ಡ ಹಲಗೆ

ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ಪ್ರಚಾರಕ್ಕೆ ತಂದ "ಕನಿಷ್ಠ ನಿಯಮ"ವನ್ನು ಇಲ್ಲಿ ನೆನೆಯಬೇಕು. ಬೆಳೆಗೆ ಬೇಕಾದ ಅಂಶಗಳಲ್ಲಿ ಯಾವುದು ಅತ್ಯಂತ ಕಡಿಮೆಯಿದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಉಳಿದವು ಎಷ್ಟೇ ಹೆಚ್ಚಿದ್ದರೂ ಪ್ರಯೋಜನವಿಲ್ಲ. ಬೇರೆ ಬೇರೆ ಎತ್ತರದ ಹಲಗೆಗಳಿಂದ ಮಾಡಿದ ಪೀಪಾಯಿಯಲ್ಲಿ ಅತಿ ಗಿಡ್ಡ ಹಲಗೆಯ ಮಟ್ಟಕ್ಕಷ್ಟೇ ನೀರು ನಿಲ್ಲುತ್ತದೆ ಎಂದು ಪಠ್ಯಪುಸ್ತಕಗಳು ಇದನ್ನು ವಿವರಿಸುತ್ತವೆ. ನಮ್ಮ ಕುಟುಂಬದ ಪೀಪಾಯಿಯಲ್ಲಿ ಬಿಸಿಲಿನ ಹಲಗೆ ಆಕಾಶದೆತ್ತರಕ್ಕಿದೆ. ಗಿಡ್ಡ ಹಲಗೆಗಳು ಮೂರು: ನೀರು, ನೈಟ್ರೋಜನ್, ತೋಳುಬಲ. ಒಂದೊಂದನ್ನಾಗಿ ಪರಿಶೀಲಿಸೋಣ.

ಅನ್ನದೊಳಗಿನ ನೀರು

ರಾಗಿ ಬೆಳೆಗೆ ಋತುವಿನಲ್ಲಿ ಸುಮಾರು 400 ಮಿಲಿಮೀಟರ್ ನೀರು ಬೇಕು. ಒಂದು ಎಕರೆಗೆ ಇದು 16 ಲಕ್ಷ ಲೀಟರ್. 700 ಕಿಲೋಗ್ರಾಂ ಬೆಳೆಗೆ ಹಂಚಿದರೆ ಕಿಲೋಗ್ರಾಂಗೆ 2300 ಲೀಟರ್! ಕುಟುಂಬದ ದಿನದ ಶಕ್ತಿಯೆಲ್ಲ ರಾಗಿಯಿಂದಲೇ ಬಂದರೆ ದಿನಕ್ಕೆ 2.65 ಕಿಲೋಗ್ರಾಂ ಬೇಕು. ಅದರ ಹಿಂದಿರುವ ನೀರು ಸುಮಾರು 6100 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ತಲೆಗೆ 55 ಲೀಟರಿನಂತೆ ನಾಲ್ವರಿಗೆ ಬೇಕಾದದ್ದು 220 ಲೀಟರ್. ಕೊಡದಲ್ಲಿ ಹೊತ್ತು ತರುವ ನೀರಿನ ಸುಮಾರು 28 ಪಟ್ಟು ನೀರನ್ನು ನಾವು ತಟ್ಟೆಯಲ್ಲಿ ಉಣ್ಣುತ್ತೇವೆ. ರಾಗಿಯಂಥ ಮಿತವ್ಯಯದ ಬೆಳೆಯ ಲೆಕ್ಕವೇ ಹೀಗಿದೆ. ನೀರು ನಿಲ್ಲಿಸಿ ಬೆಳೆಯುವ ಬತ್ತದ ಗದ್ದೆಯ ಮಾತು ಬೇರೆಯೇ.

ಗಿಡ ಇಷ್ಟೊಂದು ನೀರನ್ನು ಏಕೆ ಬಿಡುತ್ತದೆ? ಇದು ವಿಸರಣೆಯ ಪ್ರಶ್ನೆ. ಗಾಳಿಯಲ್ಲಿ ಹತ್ತು ಲಕ್ಷ ಅಣುಗಳಿಗೆ ಕಾರ್ಬನ್ ಡೈಆಕ್ಸೈಡಿನವು 420ಕ್ಕೆ ತುಸು ಹೆಚ್ಚು ಮಾತ್ರ. ಅದನ್ನು ಒಳಗೆ ತೆಗೆದುಕೊಳ್ಳಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಲೇಬೇಕು. ಎಲೆಯ ಒಳಗಿನ ಗಾಳಿಯೋ ನೀರಾವಿಯಿಂದ ಪೂರ್ತಿ ಪರ್ಯಾಪ್ತವಾಗಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಗಿನ ಆರ್ದ್ರತೆ ಶೇಕಡಾ 60 ಇದ್ದರೆ, ಒಳ-ಹೊರಗಿನ ನೀರಾವಿಯ ಅಂತರ ಹತ್ತು ಲಕ್ಷಕ್ಕೆ ಸುಮಾರು 12,500 ಅಣುಗಳಷ್ಟು. ಬಾಗಿಲು ಒಂದೇ, ಒಳಬರುವವರು ಕೆಲವರು, ಹೊರಹೋಗುವವರ ನೂಕುನುಗ್ಗಲು! ಕಾರ್ಬನ್ ಡೈಆಕ್ಸೈಡಿನ ಒಂದು ಅಣು ಒಳಬರುವಷ್ಟರಲ್ಲಿ ನೀರಿನ ನೂರರಿಂದ ನಾನೂರು ಅಣುಗಳು ಹೊರಹೋಗುತ್ತವೆ. ಸಿ-4 ಸಸ್ಯಗಳು ಎಲೆಯೊಳಗೆ ಕಾರ್ಬನ್ ಡೈಆಕ್ಸೈಡನ್ನು ಒಂದೆಡೆ ಸಾಂದ್ರಗೊಳಿಸಬಲ್ಲವು. ಆದ್ದರಿಂದ ಬಾಗಿಲನ್ನು ಕಡಿಮೆ ತೆರೆದರೂ ಅವುಗಳ ಕೆಲಸ ಸಾಗುತ್ತದೆ. ಬೆದ್ದಲು ಸೀಮೆಯಲ್ಲಿ ರಾಗಿ ನೆಲೆಯೂರಿದ್ದಕ್ಕೆ ಇದೂ ಒಂದು ಕಾರಣ.

ಇದರ ಶಕ್ತಿಯ ಲೆಕ್ಕವೂ ಸ್ವಾರಸ್ಯಕರ. ನೀರಿನ ಬಾಷ್ಪೀಕರಣದ ಗುಪ್ತೋಷ್ಣ ಕಿಲೋಗ್ರಾಂಗೆ 2.45 ಮೆಗಾಜೂಲ್ ಎಂದು ಹಿಡಿದರೆ, ಚದರ ಮೀಟರಿಗೆ 400 ಲೀಟರ್ ನೀರನ್ನು ಆವಿಯಾಗಿಸಲು 980 ಮೆಗಾಜೂಲ್ ಬೇಕು. ಆ 115 ದಿನಗಳಲ್ಲಿ ಅಷ್ಟೇ ಜಾಗದಲ್ಲಿ ಬಿದ್ದ ಬಿಸಿಲು 2070 ಮೆಗಾಜೂಲ್. ಅದರಿಂದ ದೊರೆತ ಕಾಳಿನ ಶಕ್ತಿ ಕೇವಲ 2.3 ಮೆಗಾಜೂಲ್. ಶಕ್ತಿಯ ದೃಷ್ಟಿಯಿಂದ ನೋಡಿದರೆ ಹೊಲವೆಂಬುದು ನೀರನ್ನು ಆವಿಯಾಗಿಸುವ ಯಂತ್ರ. ರಾಗಿ ಅದರ ಉಪೋತ್ಪನ್ನ!

ಒಟ್ಟು ಮಳೆ 700 ಮಿಲಿಮೀಟರ್, ಬೆಳೆಗೆ ಬೇಕಾದದ್ದು 400. ಆದರೂ ಪೈರು ಒಣಗುವುದೇಕೆ? ಮಳೆ ಕಂತಿನಲ್ಲಿ ಬರುವುದಿಲ್ಲ. ಎರಡು ದಿನ ಸುರಿದು ಮೂರು ವಾರ ಮುಖ ತೋರಿಸದಿರಬಹುದು. ತೆನೆ ಕಟ್ಟುವ ಹೊತ್ತಿನಲ್ಲಿ ಹೀಗಾದರೆ ಬೆಳೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಬಿದ್ದ ಮಳೆಯನ್ನು ಹಿಡಿದಿಡುವುದೇ ಮೊದಲ ಕೆಲಸ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದು ಹಾಕುವುದು, ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿಸುವುದು, ನೆಲಕ್ಕೆ ತರಗು-ಹುಲ್ಲಿನ ಹೊದಿಕೆ ಹಾಸುವುದು ಇವೆಲ್ಲ ಅದಕ್ಕಾಗಿಯೇ.

ಕೃಷಿ ಹೊಂಡದ ಲೆಕ್ಕವನ್ನೂ ನೋಡಿ. ಮೇಲೆ 10 ಮೀಟರ್ ಚೌಕ, ಆಳ 3 ಮೀಟರ್, ಪಕ್ಕಗಳು 45 ಡಿಗ್ರಿ ಇಳಿಜಾರು ಇದ್ದರೆ ತಳ 4 ಮೀಟರ್ ಚೌಕವಾಗುತ್ತದೆ. ಗಾತ್ರ 156 ಘನ ಮೀಟರ್, ಅಂದರೆ ಸುಮಾರು ಒಂದೂವರೆ ಲಕ್ಷ ಲೀಟರ್. ಇಂಗುವಿಕೆ ತಡೆಯಲು ಹಾಳೆ ಹಾಸಿದ್ದರೂ ಆವಿಯಾಗಿ ಒಂದಷ್ಟು ಹೋಗಿ 1.2 ಲಕ್ಷ ಉಳಿದರೆ, ಅರ್ಧ ಎಕರೆಗೆ 60 ಮಿಲಿಮೀಟರಿನ ಒಂದು ಹದಮಳೆಯನ್ನು ಕೈಯಾರೆ ಕೊಟ್ಟಂತಾಯಿತು. ಇಡೀ ಜಮೀನಿಗೆ ಇದು ಸಾಲದು. ತರಕಾರಿ ಮಡಿಗೂ, ತೆನೆಗಟ್ಟುವ ರಾಗಿಯ ಒಂದು ಪಾಲಿಗೂ ಸಾಲುತ್ತದೆ. ಹೊಂಡವಿದ್ದರೆ ಬರ ಬರುವುದಿಲ್ಲ ಎಂದಲ್ಲ. ಮಕ್ಕಳ ತಟ್ಟೆ ಪೂರ್ತಿ ಬರಿದಾಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಹೊಂಡದ ಸುತ್ತ ಗಟ್ಟಿ ಬೇಲಿ ಇರಲೇಬೇಕು. ಹಾಳೆ ಹಾಸಿದ ಇಳಿಜಾರು ಜಾರುವುದರಿಂದ ಬಿದ್ದವರು ಹತ್ತಿ ಬರಲಾರರು. ಹಗ್ಗವನ್ನೋ ಏಣಿಯನ್ನೋ ಸದಾ ಕಟ್ಟಿಟ್ಟಿರಬೇಕು.

ಮಳೆಹನಿಯ ಪೆಟ್ಟು

ನೀರನ್ನು ಕೊಡುವ ಮಳೆಯೇ ಮಣ್ಣನ್ನು ಒಯ್ಯಲೂಬಹುದು. 30 ಮಿಲಿಮೀಟರಿನ ಒಂದು ಜೋರು ಮಳೆಯಲ್ಲಿ ಎಕರೆಯ ಮೇಲೆ 121 ಟನ್ ನೀರು ಬೀಳುತ್ತದೆ. ದಪ್ಪ ಹನಿಗಳು ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತವೆ. ಚಲನಶಕ್ತಿಯ ಸೂತ್ರದಲ್ಲಿ ಹಾಕಿದರೆ ಸುಮಾರು 3 ಮೆಗಾಜೂಲ್. ಸತತವಾಗಿ ದುಡಿಯುವ ಮನುಷ್ಯನ ಸಾಮರ್ಥ್ಯ ಸುಮಾರು 75 ವ್ಯಾಟ್. ಎಂಟು ಗಂಟೆಯಲ್ಲಿ ಅವನು ಮಾಡುವ ಕೆಲಸ 2.16 ಮೆಗಾಜೂಲ್. ಅಂದರೆ ಒಂದು ಮಳೆ, ಒಬ್ಬ ಆಳು ಸುಮಾರು ಒಂದೂವರೆ ದಿನ ಗುದ್ದಲಿಯಿಂದ ಬಡಿದಷ್ಟು ಪೆಟ್ಟನ್ನು ಬರಿಯ ನೆಲಕ್ಕೆ ಕೊಡುತ್ತದೆ. ಕಣಗಳು ಒಡೆದು ಮೇಲ್ಪದರ ಗಟ್ಟಿಯಾಗಿ, ನೀರು ಇಂಗದೆ ಮಣ್ಣಿನೊಂದಿಗೆ ಹರಿಯುತ್ತದೆ. ಎಲೆಯ ಮೇಲೋ ಹುಲ್ಲಿನ ಹೊದಿಕೆಯ ಮೇಲೋ ಬಿದ್ದ ಹನಿ ಆ ಶಕ್ತಿಯನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ.

ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದು ಐದೂವರೆ ಟನ್ನಿಗೂ ಹೆಚ್ಚು. ಕಣ್ಣಿಗೆ ಕಾಣದ ಈ ನಷ್ಟ ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಒಂದೆರಡು ಸೆಂಟಿಮೀಟರ್ ಆಗಬಹುದು. ಬಡ್ಡಿಯನ್ನಲ್ಲ, ಅಸಲನ್ನೇ ತಿಂದಂತೆ.

ನೈಟ್ರೋಜನ್ನಿನ ಖಾತೆ

ರಾಗಿಯಲ್ಲಿ ಸುಮಾರು ಶೇಕಡಾ 7 ಪ್ರೋಟೀನ್ ಇದೆ. ಪ್ರೋಟೀನಿನ ತೂಕವನ್ನು 6.25ರಿಂದ ಭಾಗಿಸಿದರೆ ನೈಟ್ರೋಜನ್ನಿನ ತೂಕ ಬರುತ್ತದೆ. 700 ಕಿಲೋಗ್ರಾಂ ಕಾಳಿನೊಂದಿಗೆ ಎಕರೆಯಿಂದ ಸುಮಾರು 8 ಕಿಲೋಗ್ರಾಂ ನೈಟ್ರೋಜನ್ ಹೊರಹೋಗುತ್ತದೆ. ಹುಲ್ಲಿನಲ್ಲಿ ಹೋಗುವುದು ಬೇರೆ. ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್ ಇದ್ದರೂ ರಾಗಿಯ ಬೇರಿಗೆ ಅದು ದಕ್ಕದು. ಎರಡು ಪರಮಾಣುಗಳ ನಡುವಿನ ತ್ರಿಬಂಧ ಅಷ್ಟು ಬಲವಾದದ್ದು. ಇದನ್ನು ಕಾರ್ಖಾನೆಯಲ್ಲಿ ಮುರಿಯುವ ದಾರಿಯನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕೈಗಾರಿಕೆಯ ಮಟ್ಟಕ್ಕೆ ತಂದು 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಉತ್ಪಾದನೆ ಆರಂಭವಾಯಿತು. ಇಂದಿನ ಯೂರಿಯ ಅದರ ಕೂಸು. ಅದು ವಿಷವಲ್ಲ, ವರವೂ ಅಲ್ಲ. ಇಂಧನವನ್ನು ಸುಟ್ಟು ಕೊಂಡ ನೈಟ್ರೋಜನ್.

ಅದೇ ತ್ರಿಬಂಧವನ್ನು ಅವರೆ, ತೊಗರಿ, ಕಡಲೆಕಾಯಿ, ಹೊಂಗೆಗಳ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಮಣ್ಣಿನ ಉಷ್ಣತೆಯಲ್ಲಿಯೇ ಮುರಿಯುತ್ತವೆ. ಅಕ್ಕಡಿ ಸಾಲಿನ ಒಂದು ಗುಟ್ಟು ಇಲ್ಲಿದೆ. ಆದರೆ ಸ್ಥಿರೀಕರಿಸಿದ ನೈಟ್ರೋಜನ್ನಿನ ಬಹುಪಾಲು ಬೇಳೆಯಾಗಿ ಮನೆಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಉದುರಿದ ಎಲೆ, ಬೇರು, ಹೊಂಗೆ ಸೊಪ್ಪುಗಳಷ್ಟೇ ನೆಲಕ್ಕೆ ಮರಳುತ್ತವೆ.

ಎರಡನೆಯ ಮೂಲ ಕೊಟ್ಟಿಗೆ ಗೊಬ್ಬರ. ಟನ್ನಿಗೆ ಸುಮಾರು 5 ಕಿಲೋಗ್ರಾಂನಂತೆ ಎಕರೆಗೆ 3 ಟನ್ ಹಾಕಿದರೆ 15 ಕಿಲೋಗ್ರಾಂ ನೈಟ್ರೋಜನ್. ಮೊದಲ ವರ್ಷ ಬೆಳೆಗೆ ದಕ್ಕುವುದು ಅದರಲ್ಲಿ ಒಂದು ಭಾಗ ಮಾತ್ರ. ತಿಪ್ಪೆ ಬಿಸಿಲಿಗೆ ಒಣಗಿದರೆ ಅಮೋನಿಯ ಹಾರಿಹೋಗುತ್ತದೆ, ಮಳೆಗೆ ನೆನೆದರೆ ನೈಟ್ರೇಟ್ ಕೊಚ್ಚಿಹೋಗುತ್ತದೆ. ತಿಪ್ಪೆಗೆ ನೆರಳೂ ಹೊದಿಕೆಯೂ ಬೇಕೆನ್ನುವುದು ಇದಕ್ಕೆ.

ಮೂರನೆಯ ಮೂಲವನ್ನು ಹೇಳಲು ನಾವು ಸಂಕೋಚಪಡುತ್ತೇವೆ. ಕುಟುಂಬ ದಿನಕ್ಕೆ ಸುಮಾರು 150 ಗ್ರಾಂ ಪ್ರೋಟೀನ್ ತಿಂದರೆ ಅದರಲ್ಲಿ 24 ಗ್ರಾಂ ನೈಟ್ರೋಜನ್, ವರ್ಷಕ್ಕೆ 8.8 ಕಿಲೋಗ್ರಾಂ. ದ್ರವ್ಯದ ನಿತ್ಯತೆಯ ಪ್ರಕಾರ, ಮಕ್ಕಳ ಬೆಳವಣಿಗೆಗೆ ಹೋಗುವ ಅಲ್ಪಭಾಗವನ್ನು ಬಿಟ್ಟರೆ ತಿಂದದ್ದೆಲ್ಲ ಹೊರಗೆ ಬರಲೇಬೇಕು, ಬಹುಪಾಲು ಮೂತ್ರದಲ್ಲಿ. ಒಂದು ಎಕರೆಯ ಕಾಳಿನೊಂದಿಗೆ ಹೋದಷ್ಟು ನೈಟ್ರೋಜನ್ ಪ್ರತಿವರ್ಷ ಆ ಮನೆಯ ಬಚ್ಚಲ ದಾರಿಯಲ್ಲಿ ಹೋಗುತ್ತಿದೆ! ಮೂತ್ರವನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ನೀರು ಬೆರೆಸಿ, ಎಲೆಗೆ ತಾಗದಂತೆ ಬುಡದ ಮಣ್ಣಿಗೆ ಕೊಡಬಹುದು. ಕೊಟ್ಟ ಮೇಲೆ ಕೊಯ್ಲಿಗೆ ಕನಿಷ್ಠ ಒಂದು ತಿಂಗಳ ಅಂತರವಿರಬೇಕು. ಮಲದಲ್ಲಿ ರೋಗಾಣುಗಳ ಅಪಾಯ ಹೆಚ್ಚು. ಎರಡು ಗುಂಡಿಗಳ ಶೌಚಾಲಯದಲ್ಲಿ ತುಂಬಿದ ಗುಂಡಿಯನ್ನು ಮುಚ್ಚಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟ ನಂತರವೇ ತೆಗೆಯಬೇಕು.

ಫಾಸ್ಫರಸ್ಸಿನ ವಿಷಯ ಇನ್ನೂ ಕಠಿಣ. ಅದನ್ನು ಗಾಳಿಯಿಂದ ತಂದುಕೊಡುವ ಬ್ಯಾಕ್ಟೀರಿಯಾ ಇಲ್ಲ. ಹೊಲದಿಂದ ಹೋದದ್ದನ್ನು ಮರಳಿಸಬೇಕು, ಇಲ್ಲವೇ ಹೊರಗಿನಿಂದ ತರಬೇಕು. ಸಂತೆಗೆ ಒಯ್ದು ಮಾರಿದ ಪ್ರತಿಯೊಂದು ಮೂಟೆಯೊಂದಿಗೂ ಅದು ಶಾಶ್ವತವಾಗಿ ಹೋಗುತ್ತದೆ. ಆದ್ದರಿಂದ "ಹೊರಗಿನಿಂದ ಏನನ್ನೂ ತರುವುದಿಲ್ಲ" ಎನ್ನುವ ಹೊಲ, ಹೊರಗೂ ಏನನ್ನೂ ಕಳಿಸದಿದ್ದರೆ ಮಾತ್ರ ಬಹುಕಾಲ ನಡೆದೀತು. ನಂಬಿದವರನ್ನು ಭೂಮಿ ಕೈಬಿಡದು ಎಂಬ ಮಾತಿಗೆ ದ್ರವ್ಯದ ನಿತ್ಯತೆ ಹಾಕುವ ಷರತ್ತು ಇದು.

ಒಲೆಯ ಪಾಲು

ಗೊಬ್ಬರಕ್ಕೂ ಅಡುಗೆಗೂ ಹತ್ತಿರದ ನಂಟಿದೆ. ಸಾಂಪ್ರದಾಯಿಕ ಒಲೆಯಲ್ಲಿ ದಿನಕ್ಕೆ 4 ಕಿಲೋಗ್ರಾಂ ಸೌದೆ ಉರಿದರೆ ವರ್ಷಕ್ಕೆ ಸುಮಾರು 22 ಗಿಗಾಜೂಲ್. ಊಟದಲ್ಲಿರುವುದು 13! ಉಣ್ಣುವುದಕ್ಕಿಂತ ಬೇಯಿಸುವುದಕ್ಕೇ ಹೆಚ್ಚು ಶಕ್ತಿ ಹೋಗುತ್ತದೆ, ಹೊಗೆಯನ್ನು ತಾಯಿಯೂ ಮಕ್ಕಳೂ ಉಸಿರಾಡುತ್ತಾರೆ. ಇಂಥ ಒಲೆಯ ದಕ್ಷತೆ ಶೇಕಡಾ 10ರ ಆಸುಪಾಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆ ಈ ದಕ್ಷತೆಯನ್ನು ಹಲವು ಪಟ್ಟು ಹೆಚ್ಚಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಕಳಿಸಿತು.

ಎರಡು ದನಗಳ 20 ಕಿಲೋಗ್ರಾಂ ಸಗಣಿಯಿಂದ ದಿನಕ್ಕೆ ಸುಮಾರು 0.8 ಘನ ಮೀಟರ್ ಗೋಬರ್ ಅನಿಲ, ಅಂದರೆ 16 ಮೆಗಾಜೂಲ್ ಸಿಗುತ್ತದೆ. ಅನಿಲದ ಒಲೆಯ ದಕ್ಷತೆ ಶೇಕಡಾ 55 ಎಂದರೆ ಪಾತ್ರೆಗೆ ಸೇರುವುದು 8.8 ಮೆಗಾಜೂಲ್, 4 ಕಿಲೋಗ್ರಾಂ ಸೌದೆಯಿಂದ ಪಾತ್ರೆಗೆ ಸೇರುತ್ತಿದ್ದುದು ಆರೇ. ಮುಖ್ಯವಾದ ಮಾತೆಂದರೆ, ಅನಿಲದಲ್ಲಿ ಹೋಗುವುದು ಕಾರ್ಬನ್ ಮತ್ತು ಹೈಡ್ರೋಜನ್. ನೈಟ್ರೋಜನ್, ಫಾಸ್ಫರಸ್ ಬಗ್ಗಡದಲ್ಲಿ ಉಳಿದು ಹೊಲಕ್ಕೆ ಮರಳುತ್ತವೆ. ಬೆರಣಿ ತಟ್ಟಿ ಸುಟ್ಟರೆ ನೈಟ್ರೋಜನ್ ಗಾಳಿಯ ಪಾಲು.

ತೋಳುಬಲದ ಮಿತಿ

ಮೂರನೆಯ ಗಿಡ್ಡ ಹಲಗೆ ದುಡಿಮೆ. ನೇಗಿಲಿನ ಸಾಲಿನ ಅಗಲ 15 ಸೆಂಟಿಮೀಟರ್ ಆದರೆ ಒಂದು ಎಕರೆಯನ್ನು ಒಮ್ಮೆ ಉಳಲು ಎಷ್ಟು ದೂರ ನಡೆಯಬೇಕು? 4047ನ್ನು 0.15ರಿಂದ ಭಾಗಿಸಿ: 27 ಕಿಲೋಮೀಟರ್! ಎಳೆತದ ಬಲ 500 ನ್ಯೂಟನ್ ಎಂದರೆ ಮಾಡಿದ ಕೆಲಸ 13.5 ಮೆಗಾಜೂಲ್. ಮನುಷ್ಯ ಇಷ್ಟು ಕೆಲಸ ಮಾಡಲು 50 ಗಂಟೆ, ಅಂದರೆ ಆರು ದಿನಕ್ಕೂ ಹೆಚ್ಚು ಬೇಕು. ಜೋಡಿ ಎತ್ತುಗಳಿದ್ದರೆ ಎರಡು ದಿನ. ಒಂದು ಲೀಟರ್ ಡೀಸೆಲ್ಲಿನಲ್ಲಿ 36 ಮೆಗಾಜೂಲ್ ಇದೆ. ಎಂಜಿನ್ನಿನ ದಕ್ಷತೆ ಕಾಲುಭಾಗವೆಂದರೂ 9 ಮೆಗಾಜೂಲ್ ಕೆಲಸ, ನಾಲ್ಕು ಆಳುಗಳ ದಿನದ ದುಡಿಮೆಗೆ ಸಮ. ಟ್ರ್ಯಾಕ್ಟರು ಹಳ್ಳಿಗೆ ಬಂದದ್ದು ಸೋಮಾರಿತನದಿಂದಲ್ಲ. ಬಾಡಿಗೆ ಟ್ರ್ಯಾಕ್ಟರಿನಿಂದ ಉಳಿಸುವ ದಂಪತಿಗಳನ್ನು ನೆಲದ ಮೇಲಿನ ಪ್ರೀತಿ ಸಾಲದವರೆಂದು ಯಾರೂ ಎಣಿಸಬೇಕಾಗಿಲ್ಲ.

ವರ್ಷದ ಒಟ್ಟು ದುಡಿಮೆ ಇಬ್ಬರಿಗೆ ಅಸಾಧ್ಯವಲ್ಲ. ಆದರೆ ಬಿತ್ತನೆ, ಕಳೆ, ಕೊಯ್ಲು ಕೆಲವೇ ವಾರಗಳಲ್ಲಿ ಮುಗಿಯಬೇಕು. ವಿದ್ಯುತ್ ಸರಬರಾಜಿನವರಿಗೆ ಸಂಜೆಯ ಗರಿಷ್ಠ ಬೇಡಿಕೆ ಇದ್ದಂತೆ ಇದು. ಸರಾಸರಿ ಸಾಕಷ್ಟಿದ್ದರೂ ಗರಿಷ್ಠದಲ್ಲಿ ಕೊರತೆ. ಎರಡು ಮೂರು ಮನೆಯವರು ಒಬ್ಬರ ಹೊಲದಲ್ಲಿ ಒಬ್ಬರು ಸರದಿಯಂತೆ ದುಡಿಯುವ ಮುಯ್ಯಾಳು ಪದ್ಧತಿ ಈ ಸಮಸ್ಯೆಗೆ ನಮ್ಮ ಹಳ್ಳಿಗಳು ಕಂಡುಕೊಂಡ ಪರಿಹಾರ. ಆ ವಾರಗಳಲ್ಲಿ ಇಡೀ ಭಾರ ಮನೆಯಾಕೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ಲೆಕ್ಕದ ಒಂದು ಭಾಗ. ಹೊಲದ ಕೆಲಸ ಮುಗಿದ ಮೇಲೆ ಅಡುಗೆ, ನೀರು, ಮಕ್ಕಳು, ಹಾಲು ಕರೆಯುವುದು ಅವಳಿಗೆ ಬಾಕಿಯಿರುತ್ತದೆ.

ಕೆಟ್ಟ ವರ್ಷ ಬಂದಾಗ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂಥ ವರ್ಷದಲ್ಲಿ ರಾಗಿ ಅರ್ಧಕ್ಕಿಳಿದರೆ ಮನೆಗೆ ಬರುವುದು 500 ಕಿಲೋಗ್ರಾಂ. ಊಟಕ್ಕೇ 580 ಬೇಕು. ಕಡಲೆಕಾಯಿಯೂ ಕೈಕೊಟ್ಟಿರುತ್ತದೆ. ಆದ್ದರಿಂದ ಒಳ್ಳೆಯ ವರ್ಷದ 400 ಕಿಲೋಗ್ರಾಂ ಮಿಗತೆಯನ್ನು ಪೂರ್ತಿ ಮಾರುವಂತಿಲ್ಲ. ಚೆನ್ನಾಗಿ ಒಣಗಿಸಿದ ರಾಗಿಗೆ ಹುಳುವಿನ ಕಾಟ ಕಡಿಮೆ. ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಿಂದೆ ಅದನ್ನು ನೆಲದೊಳಗಿನ ಹಗೇವುಗಳಲ್ಲಿ ಮುಚ್ಚಿಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳಿನ ಉಸಿರಾಟದಿಂದ ಆಕ್ಸಿಜನ್ ಕುಗ್ಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ, ಕೀಟಗಳು ಸಾಯುತ್ತವೆ. ಅದೇ ಕಾರಣಕ್ಕೆ, ಬಾಯಿ ತೆರೆದೊಡನೆ ಒಳಗಿಳಿದ ಮನುಷ್ಯರೂ ಸತ್ತಿದ್ದಾರೆ. ಹಳೆಯ ಹಗೇವಿರುವ ಊರಿನ ಶಿಕ್ಷಕರು ಇದನ್ನು ಮಕ್ಕಳಿಗೆ ತಪ್ಪದೆ ತಿಳಿಸಬೇಕು. ದೀಪ ಇಳಿಬಿಟ್ಟು ನೋಡುವ ಪರೀಕ್ಷೆಯೊಂದನ್ನೇ ನಂಬಬಾರದು.

ಹಣದ ಮಾತನ್ನೂ ಮರೆಮಾಚಬಾರದು. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಯಂತೆ, ಮಿಗತೆಯ ನಾಲ್ಕು ಕ್ವಿಂಟಲನ್ನೂ ಮಾರಿದರೆ ಬರುವುದು 20,000ಕ್ಕಿಂತ ಕಡಿಮೆ. ಮಕ್ಕಳ ಓದು, ಔಷಧಿ, ಬಟ್ಟೆ, ಉಪ್ಪು, ಪ್ರಯಾಣಕ್ಕೆ ವರ್ಷಪೂರ್ತಿ ಇದು ಸಾಲದು. ಹಾಲು, ಹಣ್ಣು, ಕೋಳಿ ಅಥವಾ ಹೊಲದಾಚೆಯ ಒಂದು ಸಣ್ಣ ಆದಾಯ ಬೇಕೇ ಬೇಕು. ಎರಡು ದನಗಳಿಗೂ ಹೊಲದ ಹುಲ್ಲು ಸುಮಾರು ಅರ್ಧ ವರ್ಷಕ್ಕಷ್ಟೇ ಸಾಲುತ್ತದೆ. ಉಳಿದದ್ದು ಬದುಗಳಿಂದ, ಊರ ಗೋಮಾಳದಿಂದ ಬರಬೇಕು. ಗೋಮಾಳ, ಕೆರೆ, ಮುಯ್ಯಾಳು ಮೂರೂ ಊರಿಗೆ ಸೇರಿದವು. ಒಂಟಿ ಕುಟುಂಬದ ಸ್ವಾವಲಂಬನೆ ಎನ್ನುವುದು ಲೆಕ್ಕ ಹಾಕಿದಾಗ ಊರಿನ ಸ್ವಾವಲಂಬನೆಯಾಗಿಬಿಡುತ್ತದೆ.

ತರಗತಿಯಲ್ಲಿ ಮಾಡಬಹುದಾದ ಕೆಲಸ

1. ಶಾಲೆಯ ಚಾವಣಿಯ ವಿಸ್ತೀರ್ಣವನ್ನು ಅಳೆದು, ಒಂದು ಮಳೆಯಲ್ಲಿ ಎಷ್ಟು ಲೀಟರ್ ಬಿತ್ತೆಂದು ಲೆಕ್ಕ ಹಾಕಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್.

2. ಬಿಸಿಲಿನಲ್ಲಿರುವ ಗಿಡದ ಹತ್ತು ಎಲೆಗಳಿಗೆ ಪಾರದರ್ಶಕ ಪಾಲಿಥೀನ್ ಚೀಲವನ್ನು ಎರಡು ಗಂಟೆ ಕಟ್ಟಿ, ಸೇರಿದ ನೀರನ್ನು ತೂಗಿ. ಇಡೀ ಗಿಡಕ್ಕೆ ದಿನಕ್ಕೆ ಎಷ್ಟಾದೀತು? ಚೀಲದೊಳಗಿನ ಆರ್ದ್ರತೆ ಉತ್ತರವನ್ನು ಹೇಗೆ ಬದಲಿಸುತ್ತದೆ?

3. ಎರಡು ತಟ್ಟೆಗಳಲ್ಲಿ ಒಂದೇ ಮಣ್ಣನ್ನು ಓರೆಯಾಗಿಟ್ಟು, ಒಂದಕ್ಕೆ ಮಾತ್ರ ಹುಲ್ಲು ಹೊದಿಸಿ. ಒಂದೇ ಎತ್ತರದಿಂದ ಒಂದೇ ಅಳತೆಯ ನೀರನ್ನು ಜರಡಿಯ ಮೂಲಕ ಸುರಿದು, ಹರಿದ ನೀರಿನಲ್ಲಿರುವ ಮಣ್ಣನ್ನು ಒಣಗಿಸಿ ತೂಗಿ.

4. ನಿಮ್ಮ ಮನೆಯವರ ದಿನದ ಆಹಾರವನ್ನು ಕಿಲೋಕ್ಯಾಲೊರಿಯಲ್ಲಿ ಬರೆದು, ಮನೆಯ "ವ್ಯಾಟ್" ಎಷ್ಟೆಂದು ಕಂಡುಹಿಡಿಯಿರಿ. ಅದನ್ನು ಬೆಳೆಯಲು ನಿಮ್ಮ ಊರಿನ ಇಳುವರಿಯಲ್ಲಿ ಎಷ್ಟು ಗುಂಟೆ ಬೇಕು?

ಇಲ್ಲಿ ಬಳಸಿದ ಸಂಖ್ಯೆಗಳು ಒಂದು ಸೀಮೆಯ, ಒಂದು ಬೆಳೆಯ ಅಂದಾಜುಗಳು. ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಉತ್ತರದ ಎರೆಭೂಮಿಯಲ್ಲಿ ಗಿಡ್ಡ ಹಲಗೆ ಬೇರೆಯಿರಬಹುದು. ಅದು ಯಾವುದೆಂದು ಮೊದಲೇ ಅಳೆದು ನೋಡಿ, ಒಂದು ವರ್ಷದ ಊಟವನ್ನು ಕೂಡಿಟ್ಟುಕೊಂಡು ಹೊಲಕ್ಕಿಳಿಯುವ ಸಂಸಾರ ಬಾಳೀತು. ಹಾಗೆ ಅಳೆಯುವುದನ್ನು ಶಾಲೆಯಲ್ಲಿಯೇ ಕಲಿಸಬಹುದು.